ಸೀಟಿ ಹೊಡೆದವರು ಯಾರು? ಕಾರ್ಟೂನಿನೊಳಗೆ ನುಗ್ಗಿದ ವಿಡಿಯೋ ಗೇಮ್!

2017ರ ಬೇಸಿಗೆ. ಹುಬ್ಬಳ್ಳಿಯ ಒಂದು ಚಿತ್ರಮಂದಿರ. ಪುನೀತ್ ರಾಜ್‌ಕುಮಾರ್ ಅವರ ‘ರಾಜಕುಮಾರ’. ಹೊರಗೆ ‘ಹೌಸ್‌ಫುಲ್’ ಬೋರ್ಡು, ಒಳಗೆ ಕಾಲಿಡಲು ಜಾಗವಿಲ್ಲ! ಗೊಂಬೆಯ ಹಾಡು ಶುರುವಾಯಿತು ನೋಡಿ, ಸೀಟಿಯೋ ಸೀಟಿ! ನಾನೂ ಎರಡು ಬೆರಳು ಬಾಯಿಗಿಟ್ಟು ಊದಿದೆ. ಪಕ್ಕದಲ್ಲಿ ಕುಳಿತಿದ್ದ ನಮ್ಮ ಕಾಕಾ ಮಾತ್ರ ಸೀಟಿ ಹೊಡೆಯಲಿಲ್ಲ. ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

‘ಯಾಕ ಕಾಕಾ, ಏನಾತು?’ ಎಂದೆ.

‘ಕಸ್ತೂರಿ ನಿವಾಸದ ಗೊಂಬಿ ನೆನಪಾತಲೇ ತಮ್ಮಾ. ನಿನಗೇನು ಗೊತ್ತಾಗತೈತಿ, ಸುಮ್ನ ನೋಡು’ ಎಂದರು.

1971ರಲ್ಲಿ ಅಣ್ಣಾವ್ರ ‘ಕಸ್ತೂರಿ ನಿವಾಸ’ ಬಂದಾಗ ಕಾಕಾ ಇನ್ನೂ ಚಡ್ಡಿ ಹಾಕುತ್ತಿದ್ದ ಹುಡುಗ. ಆ ಗೊಂಬೆಯನ್ನು ಆ ಕಾಲದಲ್ಲೇ ತೆರೆಯ ಮೇಲೆ ಕಂಡವರಿಗೆ, 46 ವರ್ಷಗಳ ಮೇಲೆ ಮಗನ ಚಿತ್ರದಲ್ಲಿ ಅದೇ ಗೊಂಬೆಯ ನೆನಪು ಬಂದರೆ ಆಗುವುದೇ ಬೇರೆ. ನಾನು ಅದರ ಕತೆಯನ್ನು ಬಾಯಿಮಾತಿನಲ್ಲಿ ಕೇಳಿದ್ದೆ, ಅಷ್ಟೆ. ಕಂಡವನಿಗೆ ಕಣ್ಣೀರು, ಕೇಳಿದವನಿಗೆ ಸೀಟಿ, ಎರಡೂ ಇಲ್ಲದವನಿಗೆ ಬರೀ ಹಾಡು!

ಅದಿರಲಿ. ಮಿತ್ರರೇ, ನಾನಿಂದು ಹೇಳಹೊರಟಿರುವುದು ಸಿನಿಮಾ ಸೀಟಿಯ ಕತೆಯಲ್ಲ, ಕಾರ್ಟೂನಿನ ಸೀಟಿಯ ಕತೆ. ನಗಬೇಡಿ! ಟಿವಿಯ ಕಾರ್ಟೂನುಗಳೊಳಗೆ ವಿಡಿಯೋ ಗೇಮುಗಳು ಹೀಗೇ ಸಲಾಮು ಹೊಡೆದು ಹೋಗುತ್ತವೆ. ಒಂದು ಮೀಸೆ, ಒಂದು ಕೆಂಪು ಟೋಪಿ, ‘ಟಿಂಗ್’ ಎಂಬ ಒಂದು ಸದ್ದು... ಗೇಮು ಆಡಿದವನು ಕುರ್ಚಿಯಿಂದ ಎದ್ದು ಕುಣಿಯುತ್ತಾನೆ. ಆಡದವನು ಪಿಳಿಪಿಳಿ ಕಣ್ಣು ಬಿಡುತ್ತಾನೆ. ಹಾಗೆ ಪಿಳಿಪಿಳಿ ಕಣ್ಣು ಬಿಟ್ಟವರಲ್ಲಿ ಈ ಲೇಖಕನೂ ಒಬ್ಬ!

ಬಾಣ ಯಾರದು?

ನಮ್ಮೂರು ಕುಬಿಹಾಳ, ಕುಂದಗೋಳ ತಾಲೂಕು. ಸುತ್ತ ಎರೆ ಹೊಲ. ಹತ್ತಿ, ಶೇಂಗಾ, ಮೆಣಸಿನಕಾಯಿ. ಸಿನಿಮಾ ಬೇಕೆಂದರೆ ಹುಬ್ಬಳ್ಳಿ ಬಸ್ಸು ಹತ್ತಬೇಕು. ಮನೆಗೆ ಡಿಶ್ ಬಂದ ಮೇಲೆ ಸಂಜೆಯಾದರೆ ನಮ್ಮ ಪಡಸಾಲೆಯಲ್ಲಿ ಓಣಿಯ ಅರ್ಧ ಹುಡುಗರು.

2009ರಲ್ಲಿ ಸನ್ ಸಮೂಹದವರು ಕನ್ನಡದ ಮಕ್ಕಳಿಗಾಗಿ ‘ಚಿಂಟು ಟಿವಿ’ ಶುರು ಮಾಡಿದರು. ಆಗ ನನಗೆ ಹನ್ನೆರಡು. ನನ್ನ ತಂಗಿಗೆ ಆರು. ‘ಡೋರಾ’ ಬಂದಳೆಂದರೆ ಅವಳು ಊಟ ಬಿಟ್ಟು ಕೂರುವಳು. ‘ಸಣ್ಣ ಹುಡುಗೂರ ಆಟ’ ಎಂದು ಮೂಗು ಮುರಿಯುತ್ತ ನಾನೂ ಹಿಂದೆ ನಿಂತು ನೋಡುತ್ತಿದ್ದೆ. ಪರದೇಶದ ಹುಡುಗಿ ಕನ್ನಡ ಮಾತಾಡುವುದೆಂದರೆ ಆಗ ಸಣ್ಣ ಸಂಗತಿಯೇ?

ಡೋರಾ ಕಾಡಿಗೆ ಹೊರಡುವಳು. ಎದುರಿಗೆ ಮೂರು ದಾರಿ. ತೆರೆಯಿಂದಲೇ ನಮ್ಮತ್ತ ತಿರುಗಿ, ಸೇತುವೆ ಎಲ್ಲಿದೆ ಎಂದು ಕೇಳುವಳು. ಕೇಳಿ ಸುಮ್ಮನೆ ನಿಲ್ಲುವಳು. ತಂಗಿ ಎದ್ದು ನಿಂತು ‘ಅಲ್ಲೈತಿ! ಅಲ್ಲೈತಿ!’ ಎಂದು ಕಿರುಚುವಳು. ಆಗ ಎಲ್ಲಿಂದಲೋ ಒಂದು ನೀಲಿ ಬಾಣ ಹಾರಿ ಬಂದು, ಸರಿಯಾಗಿ ಆ ಸೇತುವೆಯ ಮೇಲೆ ಕೂತು ‘ಟಿಕ್’ ಎನ್ನುವುದು. ಕುಬಿಹಾಳದ ಕೂಗು ಡೋರಾಳಿಗೆ ಕೇಳಿಸಿತೆಂದೇ ತಂಗಿಯ ನಂಬಿಕೆ!

ಆ ಬಾಣ ಏನು? ಓಣಿಯಲ್ಲಿ ಅದೇ ಚರ್ಚೆ. ರಾಮಾಯಣ ಧಾರಾವಾಹಿ ನೋಡಿದವರು ಅದು ಮಂತ್ರ ಹಾಕಿ ಬಿಟ್ಟ ಅಸ್ತ್ರ ಎಂದರು. ಒಬ್ಬ ಅದು ಹಕ್ಕಿ ಎಂದ. ನಾನು ದೊಡ್ಡವನಲ್ಲವೇ? ‘ಅದು ಡೋರಾನ ದೇವರು, ದಾರಿ ತೋರಸತೈತಿ’ ಎಂದು ತೀರ್ಪು ಕೊಟ್ಟೆ. ಎಲ್ಲರೂ ಒಪ್ಪಿದರು.

ಸತ್ಯ ತಿಳಿದದ್ದು ನಾಲ್ಕು ವರ್ಷಗಳ ಮೇಲೆ. ಪಿಯುಸಿ ಮೊದಲ ವರ್ಷ, ಕಂಪ್ಯೂಟರ್ ಲ್ಯಾಬು. ಒಂದು ಯಂತ್ರಕ್ಕೆ ಮೂವರು ಹುಡುಗರು. ಜೀವನದಲ್ಲಿ ಮೊದಲ ಸಲ ಮೌಸು ಮುಟ್ಟಿದೆ. ಕೈ ಅಲ್ಲಾಡಿಸಿದರೆ ಪರದೆಯ ಮೇಲೆ ಬಾಣ ಓಡಿತು. ಬೆರಳು ಒತ್ತಿದೆ. ‘ಟಿಕ್!’

‘ಡೋರಾನ ಬಾಣ!’

ಬಾಯಿ ತಪ್ಪಿ ಜೋರಾಗಿಯೇ ಬಂತು. ಇಡೀ ಲ್ಯಾಬು ನಕ್ಕಿತು. ಪೇಟೆ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ವರ್ಷವೆಲ್ಲ ನನಗೆ ‘ಡೋರಾ’ ಎಂದೇ ಹೆಸರು. ನಾನು ಎರಡನೇ ವರ್ಷ ಫೇಲಾಗಿ ಕಾಲೇಜು ಬಿಟ್ಟದ್ದಕ್ಕೂ ಆ ನಗುವಿಗೂ ಸಂಬಂಧವಿಲ್ಲ. ಓದಲಿಲ್ಲ, ಫೇಲಾದೆ, ಅಷ್ಟೆ. ಆದರೆ ಆ ನಗು ಇನ್ನೂ ಕಿವಿಯಲ್ಲಿದೆ.

2000ದಲ್ಲಿ ಅಮೆರಿಕದಲ್ಲಿ ಶುರುವಾದ ಡೋರಾಳ ಇಡೀ ಕಾರ್ಯಕ್ರಮವೇ ಒಂದು ಕಂಪ್ಯೂಟರ್ ಗೇಮಿನ ವೇಷ ಎಂಬುದು ಗೊತ್ತಾದದ್ದು ಆಮೇಲೆ. ಶೀರ್ಷಿಕೆಯ ಹಾಡಿನಲ್ಲಿ ಕ್ಯಾಮೆರಾ ಒಂದು ಮಗುವಿನ ಕೋಣೆಗೆ ನುಗ್ಗಿ, ಮೇಜಿನ ಮೇಲಿನ ಕಂಪ್ಯೂಟರಿನ ಪರದೆಯೊಳಕ್ಕೇ ಧುಮುಕುತ್ತದೆ. ನಾವು ನೂರು ಸಲ ನೋಡಿದ್ದೆವು. ಮನೆಯಲ್ಲಿ ಕಂಪ್ಯೂಟರ್ ಇದ್ದ ಮಗುವಿಗೆ ಆ ಬಾಣ ಹಳೆಯ ಗೆಳೆಯ. ನಮಗೆ ಅದು ದೇವರು!

ಗೇಮಿಗೂ ಸೆಂಟಿಮೆಂಟು!

ಈ ನಂಟು ಶುರುವಾದದ್ದು ಹೇಗೆ? ಹೀಗಿದೆ ನೋಡಿ ಕತೆ.

ಜಪಾನಿನ ತೋರು ಇವಾತಾನಿ ಎಂಬ ತರುಣ 1980ರಲ್ಲಿ ‘ಪ್ಯಾಕ್-ಮ್ಯಾನ್’ ಗೇಮು ತಂದಾಗ ಅವನಿಗೆ ಬರೀ 25. ಹಳದಿಯ ಒಂದು ದುಂಡು ಮುಖ. ಬಾಯಿ ತೆರೆಯುವುದು, ಚುಕ್ಕೆ ನುಂಗುವುದು, ದೆವ್ವಗಳಿಂದ ಓಡುವುದು. ಇಷ್ಟೇ! ಮರುವರ್ಷ ಶಿಗೆರು ಮಿಯಾಮೊಟೊ ‘ಡಾಂಕಿ ಕಾಂಗ್’ ಮಾಡಿದಾಗ ಅವನಿಗೆ 28. ಈಗ ನನಗಿರುವಷ್ಟೇ ವಯಸ್ಸು! ಕೋತಿಯೊಂದು ಹುಡುಗಿಯನ್ನು ಹೊತ್ತೊಯ್ದಿದೆ, ನಾಯಕ ಏಣಿ ಹತ್ತಿ, ಉರುಳಿ ಬರುವ ಪೀಪಾಯಿಗಳನ್ನು ಹಾರಿ ಅವಳನ್ನು ಬಿಡಿಸಬೇಕು. ನಮ್ಮ ಸಿನಿಮಾದ ಕ್ಲೈಮಾಕ್ಸೇ ಅಲ್ಲವೇ? ಆ ನಾಯಕನೇ ಮುಂದೆ ಮೀಸೆಯ ಮಾರಿಯೋ.

1982ರಲ್ಲಿ ‘ಟಾಮ್ ಅಂಡ್ ಜೆರ್ರಿ’ಯ ಜನಕರಾದ ಹ್ಯಾನಾ ಮತ್ತು ಬಾರ್ಬೆರಾ ಅವರ ಸಂಸ್ಥೆ ಪ್ಯಾಕ್-ಮ್ಯಾನನನ್ನು ಅಮೆರಿಕದ ಟಿವಿಗೆ ತಂದಿತು. ಚುಕ್ಕೆ ನುಂಗುವ ಮುಖವನ್ನು ಅರ್ಧ ಗಂಟೆ ಯಾರು ನೋಡುತ್ತಾರೆ? ಅದಕ್ಕೆ ಹೆಂಡತಿ ಕೊಟ್ಟರು, ಮಗು ಕೊಟ್ಟರು, ನಾಯಿ ಕೊಟ್ಟರು. ಗಾಂಧಿನಗರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೆಂಟಿಮೆಂಟಿಲ್ಲದೆ ಕತೆ ಓಡುವುದಿಲ್ಲ!

1989ರಲ್ಲಿ ಮಾರಿಯೋನ ಸರದಿ. ಕಾರ್ಟೂನಿನ ಹಿಂದೆ ಮುಂದೆ ನಿಜವಾದ ನಟರ ತುಣುಕುಗಳು. ಮಾರಿಯೋ ಆಗಿ ಬಂದವರು ಯಾರು ಗೊತ್ತೇ? ಕುಸ್ತಿ ಅಖಾಡದ ಲೂ ಅಲ್ಬಾನೊ! ಅದೇ ವರ್ಷ ‘ಕ್ಯಾಪ್ಟನ್ ಎನ್’ ಎಂಬ ಇನ್ನೊಂದು ಕಾರ್ಟೂನಿನಲ್ಲಿ ಗೇಮಿನ ಹುಚ್ಚು ಹಿಡಿದ ಹುಡುಗನೊಬ್ಬನನ್ನು ಟಿವಿಯೇ ಒಳಗೆಳೆದುಕೊಂಡು ಗೇಮುಗಳ ಲೋಕಕ್ಕೆ ಕಳಿಸಿತು. ಅದಕ್ಕೂ ಒಂದು ವರ್ಷ ಮುಂಚೆ, 1988ರ ‘ಡೋರೆಮಾನ್’ ಚಲನಚಿತ್ರದಲ್ಲಿ ತಿರುಗಾಮುರುಗಾ! ಗೇಮಿನೊಳಗಿನ ರಾಕ್ಷಸರೇ ತಪ್ಪಿಸಿಕೊಂಡು ಹೊರಗೆ ಬಂದುಬಿಡುತ್ತಾರೆ.

ಇವೆಲ್ಲ ಬಹಿರಂಗ. ಕದ್ದುಮುಚ್ಚಿ ಇಡುವ ಸಲಾಮಿಗೆ ಆ ಕಡೆಯವರು ‘ಈಸ್ಟರ್ ಎಗ್’ ಎನ್ನುತ್ತಾರೆ. ಹಬ್ಬದಲ್ಲಿ ಮೊಟ್ಟೆ ಬಚ್ಚಿಟ್ಟು ಮಕ್ಕಳಿಂದ ಹುಡುಕಿಸುವ ಪದ್ಧತಿ ಅವರಲ್ಲಿದೆ. ಗೇಮಿನ ಲೋಕದಲ್ಲಿ ಈ ಹೆಸರು ನಿಂತದ್ದರ ಹಿಂದೆ ಒಂದು ಸಿಟ್ಟಿನ ಕತೆಯಿದೆ. ಆಗ ಅಟಾರಿ ಕಂಪನಿ ಗೇಮು ಮಾಡಿದವನ ಹೆಸರನ್ನು ಹಾಕುತ್ತಿರಲಿಲ್ಲ. ಟೈಟಲ್ ಕಾರ್ಡಿನಲ್ಲಿ ನಿರ್ದೇಶಕನ ಹೆಸರೇ ಇಲ್ಲದ ಸಿನಿಮಾ ಊಹಿಸಿಕೊಳ್ಳಿ! ವಾರನ್ ರಾಬಿನೆಟ್ ಎಂಬ ಯುವಕ ‘ಅಡ್ವೆಂಚರ್’ ಎಂಬ ಗೇಮಿನಲ್ಲಿ ಯಾರಿಗೂ ಹೇಳದೆ ಒಂದು ಗುಪ್ತ ಕೋಣೆ ಕಟ್ಟಿ, ಅದರಲ್ಲಿ ತನ್ನ ಹೆಸರು ಬರೆದಿಟ್ಟ. ಅದನ್ನು ಹುಡುಕಿ ಕಂಪನಿಗೆ ಕಾಗದ ಬರೆದವನು ಒಬ್ಬ ಹುಡುಗ, ಒಬ್ಬ ಅಭಿಮಾನಿ! ಗುರುತು ಹಿಡಿಯುವವನಿಲ್ಲದಿದ್ದರೆ ಬಚ್ಚಿಟ್ಟವನ ಶ್ರಮವೇ ದಂಡ.

ಐವತ್ತು ರೂಪಾಯಿ

ಈಗ ಒಂದು ಗುಟ್ಟು ಹೇಳಬೇಕು. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

2010. ನನಗೆ ಹದಿಮೂರು. ಹುಬ್ಬಳ್ಳಿಯಲ್ಲಿ ಗಂಟೆ ಲೆಕ್ಕದಲ್ಲಿ ವಿಡಿಯೋ ಗೇಮು ಆಡಿಸುವ ಅಂಗಡಿಯೊಂದಿದೆ ಎಂದು ದೋಸ್ತ ಹೇಳಿದ. ಕೈಯಲ್ಲಿ ಹಿಡಿದು ಗುಂಡಿ ಒತ್ತುವ ಆಟ, ಮಾರಿಯೋ, ಗುಂಡು ಹಾರಿಸುವ ‘ಕಾಂಟ್ರಾ’... ರಾತ್ರಿಯೆಲ್ಲ ನಿದ್ದೆಯಿಲ್ಲ. ಅವ್ವ ಮೆಣಸಿನಕಾಯಿ ಬಿಡಿಸಿದ ಕೂಲಿಯನ್ನು ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದಳು. ಅದರಿಂದ ಐವತ್ತು ರೂಪಾಯಿ ಎಗರಿಸಿದೆ. ಬಸ್ಸಿಗೆ ಹೋದದ್ದು ಬಿಟ್ಟು ಉಳಿದದ್ದೆಲ್ಲ ಆ ಅಂಗಡಿಗೆ ಹಾಕಿ, ಕತ್ತಲಾದ ಮೇಲೆ ಮನೆ ಸೇರಿದೆ.

ಅವ್ವ ಹೊಡೆಯಲಿಲ್ಲ. ಬಯ್ಯಲಿಲ್ಲ. ತಟ್ಟೆಗೆ ರೊಟ್ಟಿ ಹಾಕಿ ಆಚೆ ಹೋದಳು. ಮರುದಿನ ನೋಡುತ್ತೇನೆ, ಡಬ್ಬಿ ಅದೇ ಜಾಗದಲ್ಲಿದೆ. ಮುಚ್ಚಿಡಲಿಲ್ಲ, ಜಾಗ ಬದಲಿಸಲಿಲ್ಲ. ನಾಲ್ಕು ಏಟು ಬಿದ್ದಿದ್ದರೆ ಅಂದೇ ಮರೆಯುತ್ತಿದ್ದೆ. ಆ ಡಬ್ಬಿಯನ್ನು ಇವತ್ತಿಗೂ ಮುಟ್ಟಲಾರೆ.

ಇದೆಲ್ಲ ಇಲ್ಲೇಕೆ ಅಂತೀರಾ? 2016ರಲ್ಲಿ ಜಿಯೋ ಬಂತು. ಊರ ಹುಡುಗರ ಕೈಯಲ್ಲಿ ದಿನವಿಡೀ ಇಂಟರ್‌ನೆಟ್ಟು. ಆಗ ನೋಡಿದ್ದು ಅಮೆರಿಕದ ‘ದಿ ಸಿಂಪ್ಸನ್ಸ್’ ಕಾರ್ಟೂನಿನ ಒಂದು ಹಳೆಯ ಕಂತು. 1995ರ ಡಿಸೆಂಬರ್ 17ರಂದು ಪ್ರಸಾರವಾದದ್ದು. ಬಾರ್ಟ್ ಎಂಬ ಹತ್ತು ವರ್ಷದ ಪೋರನಿಗೆ ‘ಬೋನ್‌ಸ್ಟಾರ್ಮ್’ ಎಂಬ ಹೊಡೆದಾಟದ ಗೇಮಿನ ಹುಚ್ಚು. ತಾಯಿ ಕೊಡಿಸುವುದಿಲ್ಲ. ಅಂಗಡಿಯಲ್ಲಿ ಗೇಮು ಕಣ್ಣೆದುರೇ ಇದೆ. ಆಗ ಅವನ ಕಲ್ಪನೆಯಲ್ಲಿ ಯಾರು ಬರುತ್ತಾರೆ ಬಲ್ಲಿರಾ? ಮಾರಿಯೋ, ಅವನ ತಮ್ಮ ಲೂಯಿಜಿ, ಕೋತಿ ಡಾಂಕಿ ಕಾಂಗ್, ನೀಲಿಯ ಸಾನಿಕ್! ಎಲ್ಲರೂ ಸೇರಿ ಕದಿಯಲು ಹುರಿದುಂಬಿಸುತ್ತಾರೆ. ಗೇಮು ಬಲ್ಲವನು ಅಲ್ಲಿ ಸೀಟಿ ಹೊಡೆಯುತ್ತಾನೆ.

ಬಾರ್ಟ್ ಕದಿಯುತ್ತಾನೆ, ಸಿಕ್ಕಿಬೀಳುತ್ತಾನೆ. ತಾಯಿ ಹೊಡೆಯುವುದಿಲ್ಲ. ಸುಮ್ಮನಾಗುತ್ತಾಳೆ. ಮಗನಿಂದ ಒಂದು ಹೆಜ್ಜೆ ದೂರ ಸರಿಯುತ್ತಾಳೆ. ಹುಡುಗನಿಗೆ ಅದು ತಡೆಯಲಾಗುವುದಿಲ್ಲ. ಕೊನೆಗೆ ಅದೇ ಅಂಗಡಿಯಲ್ಲಿ ದುಡ್ಡು ಕೊಟ್ಟು ತನ್ನ ಫೋಟೋ ತೆಗೆಸಿಕೊಂಡು, ಕಟ್ಟು ಹಾಕಿಸಿ, ಹಣ ಸಂದಾಯವಾದ ರಸೀದಿ ಸಮೇತ ತಾಯಿಗೆ ಕೊಡುತ್ತಾನೆ. ಅವಳು ಕರಗಿ ಹೋಗುತ್ತಾಳೆ. ಖುಷಿಯಿಂದ ಅವನಿಗೊಂದು ಗೇಮು ಕೊಡುತ್ತಾಳೆ. ಅದು ಬೋನ್‌ಸ್ಟಾರ್ಮ್ ಅಲ್ಲ, ಗಾಲ್ಫ್ ಚೆಂಡು ತಳ್ಳುವ ಸಪ್ಪೆ ಗೇಮು! ಬಾರ್ಟ್ ಮಾತ್ರ ‘ಇದೇ ಬೇಕಿತ್ತು’ ಎನ್ನುವ ಮುಖ ಮಾಡುತ್ತಾನೆ.

ಈ ಕಂತು ಬರೆದ ಮೈಕ್ ಸ್ಕಲ್ಲಿ ಚಿಕ್ಕಂದಿನಲ್ಲಿ ತಾವೇ ಅಂಗಡಿಯಲ್ಲಿ ಕದ್ದ ಅನುಭವದಿಂದ ಇದನ್ನು ಬರೆದರಂತೆ. ಎಲ್ಲಿಯ ಅಮೆರಿಕ, ಎಲ್ಲಿಯ ಕುಬಿಹಾಳ! ಮಾರಿಯೋ ಬಂದಾಗ ನಾನು ಸೀಟಿ ಹೊಡೆಯಲಿಲ್ಲ. ಕಾಕಾ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡದ್ದು ಯಾಕೆಂದು ಆವತ್ತು ನನಗೆ ತಿಳಿಯಿತು.

ಒಂದೇ ರಾತ್ರಿ, ನೂರಾರು ಮಕ್ಕಳು

ಗೇಮು ಮತ್ತು ಕಾರ್ಟೂನಿನ ಈ ಸಂಬಂಧ ಒಮ್ಮೆ ಭಾರೀ ಅನಾಹುತಕ್ಕೂ ಕಾರಣವಾಯಿತು. ‘ಪೋಕೆಮಾನ್’ ನಿಮಗೆ ಗೊತ್ತು. 1996ರಲ್ಲಿ ಜಪಾನಿನಲ್ಲಿ ಗೇಮಾಗಿ ಬಂದು, 1997ರ ಏಪ್ರಿಲ್‌ನಲ್ಲಿ ಕಾರ್ಟೂನಾಯಿತು. ಅದೇ ವರ್ಷದ ಡಿಸೆಂಬರ್ 16ರ ಕಂತಿನಲ್ಲಿ ನಾಯಕರು ಕಂಪ್ಯೂಟರಿನೊಳಕ್ಕೆ ಹೋಗುತ್ತಾರೆ. ಪಿಕಾಚುವಿನ ಮಿಂಚು ಕ್ಷಿಪಣಿಗಳಿಗೆ ಬಡಿದು, ತೆರೆಯ ಮೇಲೆ ಕೆಂಪು, ನೀಲಿ, ಕೆಂಪು, ನೀಲಿ... ಸೆಕೆಂಡಿಗೆ ಹನ್ನೆರಡು ಸಲದಷ್ಟು ವೇಗವಾಗಿ ಬೆಳಕು ಹೊಡೆಯಿತು. ನೋಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ ತಲೆ ಸುತ್ತು, ಕೆಲವರಿಗೆ ವಾಂತಿ, ಕೆಲವರಿಗೆ ಫಿಟ್ಸು! ಆರುನೂರಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು.

ಕಾರ್ಯಕ್ರಮ ನಾಲ್ಕು ತಿಂಗಳು ನಿಂತಿತು. ಆ ಕಂತು ಮತ್ತೆಂದೂ ಪ್ರಸಾರವಾಗಲಿಲ್ಲ. ಕೋಣೆಯಲ್ಲಿ ದೀಪ ಹಾಕಿಕೊಂಡು, ತೆರೆಯಿಂದ ದೂರ ಕುಳಿತು ನೋಡಿ ಎಂದು ಜಪಾನಿನ ಕಾರ್ಟೂನುಗಳಲ್ಲಿ ಸೂಚನೆ ಕೊಡುವ ಪದ್ಧತಿ ಆಮೇಲೆ ಬಂತು. ತಮಾಷೆಯೆಂದರೆ ಮಿಂಚು ಬಿಟ್ಟದ್ದು ಪಿಕಾಚು, ಶಿಕ್ಷೆಯಾದದ್ದು ಆ ಕಂತಿನ ಅತಿಥಿ ನಟ ಪೊರಿಗಾನ್‌ಗೆ! ಕಾರ್ಟೂನಿನಲ್ಲಿ ಅವನಿಗೆ ಮತ್ತೆ ಮುಖ್ಯ ಪಾತ್ರ ಸಿಗಲೇ ಇಲ್ಲ. ದೊಡ್ಡ ಹೀರೋ ತಪ್ಪು ಮಾಡಿದರೆ ಸಣ್ಣ ನಟನ ಚಾನ್ಸು ಹೋಗುವುದು ನಮ್ಮಲ್ಲಿ ಮಾತ್ರವೇ?

2006ರ ಹೊತ್ತಿಗೆ ಆಟ ಇನ್ನೂ ಬೆಳೆದಿತ್ತು. ಅಮೆರಿಕದ ‘ಸೌತ್ ಪಾರ್ಕ್’ನವರು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಗೇಮಿನ ಕಂಪನಿಯವರ ನೆರವು ಪಡೆದು, ಗೇಮಿನೊಳಗೇ ಹೋಗಿ ದೃಶ್ಯಗಳನ್ನು ತೆಗೆದರು. ಗೇಮೇ ಇಲ್ಲಿ ಸ್ಟುಡಿಯೋ! ಆ ಕಂತಿಗೆ 2007ರಲ್ಲಿ ಎಮ್ಮಿ ಪ್ರಶಸ್ತಿ ಸಿಕ್ಕಿತು. 2022ರಲ್ಲಿ ಅದೇ ಪ್ರಶಸ್ತಿ ಪಡೆದ ‘ಆರ್ಕೇನ್’ ಇಡಿಯಾಗಿ ಒಂದು ಗೇಮಿನಿಂದಲೇ ಹುಟ್ಟಿದ ಸರಣಿ. ಅಂಗಡಿಯ ಮೂಲೆಯಲ್ಲಿ ಪುಡಿಗಾಸಿಗೆ ಆಡುತ್ತಿದ್ದ ಆಟ ವೇದಿಕೆ ಹತ್ತಿ ಕುಳಿತಿತು.

ಕನ್ನಡದಲ್ಲಿ ನಗು ಬಂತೇ?

ಚಿತ್ರರಸಿಕರಿಗೆ ಇಲ್ಲೊಂದು ಸ್ವಾರಸ್ಯ. 1960ರ ದಶಕದ ಚಳವಳಿಯ ನಂತರ ಡಬ್ಬಿಂಗ್ ಚಿತ್ರಗಳಿಗೆ ಕನ್ನಡದಲ್ಲಿ ದಶಕಗಳ ಕಾಲ ಬಾಗಿಲು ಮುಚ್ಚಿತ್ತು. 2012ರಲ್ಲಿ ಆಮೀರ್ ಖಾನ್ ಅವರ ‘ಸತ್ಯಮೇವ ಜಯತೆ’ ಹಲವು ಭಾಷೆಗಳಲ್ಲಿ ಟಿವಿಗೆ ಬಂತು, ಕನ್ನಡದಲ್ಲಿ ಬರಲಿಲ್ಲ. ಅಜಿತ್ ಅವರ ತಮಿಳು ಚಿತ್ರ ‘ಸತ್ಯದೇವ್ ಐಪಿಎಸ್’ ಎಂದು ಕನ್ನಡ ಮಾತಾಡಿ ತೆರೆಗೆ ಬಂದದ್ದು 2017ರಲ್ಲಿ. ಆದರೆ ಡೋರಾ 2009ರ ಆ ದಿನಗಳಲ್ಲೇ ಸದ್ದಿಲ್ಲದೆ ನಮ್ಮ ಪಡಸಾಲೆಯಲ್ಲಿ ಕನ್ನಡ ಮಾತಾಡಿ ಹೋದಳು! ಡಬ್ಬಿಂಗ್ ಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಎರಡೂ ಕಡೆ ನನ್ನ ಮಿತ್ರರಿದ್ದಾರೆ.

ನನ್ನ ಮಾತು ಬೇರೆ. ಮಾತನ್ನು ಡಬ್ ಮಾಡಬಹುದು, ಪರಿಚಯವನ್ನು ಡಬ್ ಮಾಡಲಾದೀತೇ? ಡೋರಾಳ ಮಾತು ಕನ್ನಡವಾಯಿತು. ಬಾಣ ಮಾತ್ರ ಯಾವ ಭಾಷೆಗೂ ಬಾರದೆ ಹಾಗೇ ಉಳಿಯಿತು. ನಮಗೆ ಕಡಿಮೆಯಿದ್ದದ್ದು ಬುದ್ಧಿಯಲ್ಲ, ಒಂದು ಮೌಸು! ಅದನ್ನು ಪಕ್ಕದವನು ನಗದೆ ಒಂದು ಮಾತಿನಲ್ಲಿ ಹೇಳಿದ್ದರೆ ಸಾಕಿತ್ತು.

ಅವ್ವನ ಹಂಚು

ಈಗ ಕಾಲ ತಿರುಗಿದೆ. ನನ್ನ ಅಕ್ಕನ ಮಗನಿಗೆ ಹನ್ನೊಂದು ವರ್ಷ. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್ಜಿ ನಿಷೇಧಿಸಿದ ಸುದ್ದಿ, ಮರುವರ್ಷ ಅದು ಬೇರೆ ಹೆಸರಿನಲ್ಲಿ ಮರಳಿದ ಸುದ್ದಿ, ಎಲ್ಲ ಅವನ ಬಾಯಲ್ಲಿದೆ. ಕಳೆದ ಭಾನುವಾರ ಮೊಬೈಲಿನಲ್ಲಿ ಯಾವುದೋ ಕಾರ್ಟೂನು ನೋಡುತ್ತಿದ್ದ. ಅದರಲ್ಲೊಬ್ಬ ದಢೂತಿ ಬೆನ್ನ ಹಿಂದಿನಿಂದ ತವಾ ತೆಗೆದು ಬರುವ ಗುಂಡು ತಡೆದ. ಹುಡುಗ ಬಿದ್ದು ಬಿದ್ದು ನಕ್ಕ. ನನಗೆ ಏನೂ ತಿಳಿಯಲಿಲ್ಲ. ಮತ್ತೆ ಪಿಳಿಪಿಳಿ ಕಣ್ಣು!

‘ಏನಲೇ ಅದು, ಅಷ್ಟ್ಯಾಕ ನಗತೀ?’

ಅವನು ನನ್ನ ಮುಖ ನೋಡಿದ. ನಗುತ್ತಾನೆಂದೇ ತಿಳಿದೆ. ನಗಲಿಲ್ಲ. ಮೊಬೈಲು ನಿಲ್ಲಿಸಿ ಹತ್ತಿರ ಸರಿದು ಕೂತ.

‘ಮಾಮಾ, ಪಬ್ಜಿಯೊಳಗ ಎಲ್ಲಾ ಬಂದೂಕೇ ಇರ್ತಾವ. ಆದ್ರ ಒಂದು ತವಾನೂ ಸಿಗತೈತಿ. ಅದನ್ನ ಹಿಂದ ಕಟ್ಟಿಕೊಂಡ್ರ ಗುಂಡು ಬಡಿದ್ರೂ ಟಣ್ ಅಂತೈತಿ, ಏನೂ ಆಗೂದಿಲ್ಲ. ಅದಕ್ಕ ಇಂವಾ ತವಾ ತಗದಾನ.’

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ಅಲ್ಲಿಂದಲೇ ಕೇಳಿದಳು: ‘ಹಂಗಾದ್ರ ನನ್ನ ರೊಟ್ಟಿ ಹಂಚಿಗೂ ಗುಂಡು ತಾಗೂದಿಲ್ಲೇನೋ?’

‘ಇಲ್ಲ ಆಯಿ, ನಿನ್ನ ಹಂಚು ಲೆವೆಲ್ ತ್ರೀ!’

ಅವ್ವನಿಗೆ ಲೆವೆಲ್ಲೂ ಗೊತ್ತಿಲ್ಲ, ಪಬ್ಜಿಯೂ ಗೊತ್ತಿಲ್ಲ. ಆದರೂ ಸೆರಗು ಬಾಯಿಗೆ ಹಚ್ಚಿ ನಕ್ಕಳು ನೋಡಿ! ಹಂಚು ಗೊತ್ತಿತ್ತಲ್ಲ, ಅಷ್ಟು ಸಾಕಾಯಿತು. ಆಮೇಲೆ ನಾನು ಅಳಿಯನಿಗೆ ಡೋರಾಳ ಬಾಣದ ಕತೆ ಹೇಳಿದೆ. ಅದು ದೇವರೆಂದು ತೀರ್ಪು ಕೊಟ್ಟದ್ದನ್ನೂ ಹೇಳಿದೆ. ಸಾಸಿವೆ ಡಬ್ಬಿಯ ಕತೆ ಹೇಳಲಿಲ್ಲ. ಅವ್ವ ಅಲ್ಲೇ ಇದ್ದಳು.

ಯುವ ಮಿತ್ರರೇ, ಮುಂದಿನ ಸಲ ಥಿಯೇಟರಿನಲ್ಲಾಗಲಿ ಮೊಬೈಲಿನ ಮುಂದಾಗಲಿ ನೀವು ಸೀಟಿ ಹೊಡೆದಾಗ ಪಕ್ಕದವನು ‘ಯಾಕ?’ ಎಂದು ಕೇಳಿದರೆ, ದಯವಿಟ್ಟು ನಗಬೇಡಿ. ಒಂದು ಮಾತು ಹೇಳಿಬಿಡಿ. ಮರುಕ್ಷಣ ಅವನೂ ಸೀಟಿ ಹೊಡೆಯುತ್ತಾನೆ.

ಏನಂತೀರಿ?